ಹದಿನಾಲ್ಕರ ಹರೆಯ, ಎರಡು ಪ್ರತಿಜ್ಞೆ

ಹರೆಯದ ಮಕ್ಕಳು ಮತ್ತು ಧರ್ಮಶ್ರದ್ಧೆ ಎಂಬ ವಿಷಯವಾಗಿ ನಾವು ಏರ್ಪಡಿಸಿದ್ದ ಮಾತುಕತೆಯಲ್ಲಿ ಪೂರ್ವ ಜರ್ಮನಿಯ ಪ್ರಸ್ತಾಪ ಬಂದದ್ದು ಎರಡೇ ನಿಮಿಷ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಗಡಿಯಾರ ನೋಡಿ ಕೈಸನ್ನೆ ಮಾಡಿ ಮಾತು ನಿಲ್ಲಿಸಿದವನೂ ನಾನೇ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

1949ರಲ್ಲಿ ಹುಟ್ಟಿ 1990ರಲ್ಲಿ ಕಣ್ಮರೆಯಾದ ಆ ದೇಶದಲ್ಲಿ ಲೂಥರನ ಪರಂಪರೆಯ ಚರ್ಚುಗಳೂ ಸರ್ಕಾರವೂ ಒಂದೇ ವಯಸ್ಸಿನ ಮಕ್ಕಳಿಗಾಗಿ ಪೈಪೋಟಿ ನಡೆಸಿದವು. ಆ ವಯಸ್ಸು ಹದಿನಾಲ್ಕು. ಪೈಪೋಟಿಯಲ್ಲಿ ಚರ್ಚು ಸೋತಿತು. ಸೋತ ಮೇಲೆ ಅದರ ಕೈಯಲ್ಲಿ ಏನು ಉಳಿಯಿತು ಎಂಬುದೇ ನನಗೆ ಕುತೂಹಲದ ಸಂಗತಿ.

ಮೊದಲು ಆ ಸಂಸ್ಕಾರದ ವಿಚಾರ. ಲೂಥರನ್ ಕುಟುಂಬದಲ್ಲಿ ಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ದೀಕ್ಷಾಸ್ನಾನ ಮಾಡಿಸುತ್ತಾರೆ. ಮಗುವಿಗೆ ಮಾತು ಬಾರದು. ಅದರ ಪರವಾಗಿ ದೊಡ್ಡವರು ಮಾತು ಕೊಡುತ್ತಾರೆ. ತಿಳಿವಳಿಕೆ ಬಂದ ಮೇಲೆ, ಸಾಮಾನ್ಯವಾಗಿ ಹದಿನಾಲ್ಕರ ಆಸುಪಾಸಿನಲ್ಲಿ, ಹುಡುಗನೋ ಹುಡುಗಿಯೋ ಸಭೆಯ ಮುಂದೆ ನಿಂತು ಆ ಮಾತನ್ನು ತನ್ನ ಬಾಯಿಂದಲೇ ಹೇಳಬೇಕು. ಇದಕ್ಕೆ ದೃಢೀಕರಣ ಎನ್ನುತ್ತಾರೆ. ನಮ್ಮ ಉಪನಯನ, ಲಿಂಗದೀಕ್ಷೆಗಳನ್ನು ನೆನೆದರೆ ಸುಮಾರಾಗಿ ಅಂದಾಜು ಸಿಗುತ್ತದೆ. ಆದರೆ ಇಲ್ಲಿ ಒಂದು ವಿಶೇಷವಿದೆ: ಮಗು ಉತ್ತರ ಹೇಳಬೇಕು, ಅದಕ್ಕೆ ಮೊದಲು ಒಂದೆರಡು ವರ್ಷ ಪಾಠ ಕೇಳಿರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಜೊತೆ ಈ ಪದ್ಧತಿ ನಮ್ಮ ಕರಾವಳಿಗೂ ಬಂತು. ಅದೇ 1834ರಲ್ಲಿ ಜರ್ಮನಿಯ ಟ್ರಿಯರ್ ಪಟ್ಟಣದಲ್ಲಿ ದೃಢೀಕರಣ ಪಡೆದ ಹುಡುಗರಲ್ಲಿ ಕಾರ್ಲ್ ಮಾರ್ಕ್ಸ್ ಎಂಬವನೂ ಒಬ್ಬ!

ಪಾಠಕ್ಕೆ ಬೇಕಾದ ಪುಸ್ತಕ ಬರೆದವರು ಲೂಥರರೇ. 1528ರ ಸುಮಾರಿಗೆ ಸ್ಯಾಕ್ಸನಿಯ ಹಳ್ಳಿಗಳ ಚರ್ಚುಗಳನ್ನು ತನಿಖೆ ಮಾಡಲು ಹೋದಾಗ ಅಲ್ಲಿನ ಅಜ್ಞಾನ ಕಂಡು ಅವರು ಕಂಗಾಲಾದರು. ಜನರಿಗೆ ಹಾಗಿರಲಿ, ಎಷ್ಟೋ ಪಾದ್ರಿಗಳಿಗೇ ಪ್ರಾರ್ಥನೆ ಬಾರದು. ಮರುವರ್ಷ, 1529ರಲ್ಲಿ, ಅವರು ಎರಡು ಪ್ರಶ್ನೋತ್ತರ ಗ್ರಂಥಗಳನ್ನು ಹೊರತಂದರು. ದೊಡ್ಡದು ಪಾದ್ರಿಗಳಿಗೆ, ಚಿಕ್ಕದು ಮನೆಯ ಯಜಮಾನ ಮಕ್ಕಳಿಗೂ ಆಳುಕಾಳುಗಳಿಗೂ ಹೇಳಿಕೊಡಲಿ ಎಂದು. ಹತ್ತು ಆಜ್ಞೆಗಳಿಂದ ಶುರುವಾಗಿ ಪ್ರತಿಯೊಂದು ಮಾತಿನ ಹಿಂದೆಯೇ ಅದರ ಅರ್ಥವೇನೆಂದು ಕೇಳುವ ಒಂದು ಪುಟ್ಟ ಪ್ರಶ್ನೆ, ಅದಕ್ಕೊಂದು ಚಿಕ್ಕ ಉತ್ತರ. ಈ ಚಿಕ್ಕ ಪುಸ್ತಕದ ಜೀವ ಇರುವುದು ಆ ಪ್ರಶ್ನೆಯಲ್ಲಿ.

ದೃಢೀಕರಣವನ್ನು ಸಂಸ್ಕಾರವಾಗಿ ರೂಪಿಸಿದವರು ಮಾತ್ರ ಲೂಥರರಲ್ಲ, ಸ್ಟ್ರಾಸ್‌ಬರ್ಗಿನ ಮಾರ್ಟಿನ್ ಬುತ್ಸರ್. ಹೆಸ್ಸೆ ಸೀಮೆಯಲ್ಲಿ ಕೆಲವರು, ಏನೂ ಅರಿಯದ ಕೂಸಿಗೆ ದೀಕ್ಷೆ ಕೊಡುವುದು ಅರ್ಥಹೀನ ಎಂದು ವಾದಿಸುತ್ತ ಚರ್ಚು ಬಿಟ್ಟು ಹೋಗುತ್ತಿದ್ದರು. ಅಲ್ಲಿನ ದೊರೆ ಬುತ್ಸರರನ್ನು ಕರೆಸಿದ. ಅವರು 1538ರಲ್ಲಿ ಜೀಗೆನ್‌ಹೈನ್ ಎಂಬ ಊರಿನಲ್ಲಿ ಸೇರಿದ ಸಭೆಯಲ್ಲಿ ರಾಜಿಯ ಸೂತ್ರ ಕೊಟ್ಟರು: ಕೂಸಿಗೆ ಸ್ನಾನವೂ ಇರಲಿ, ತಿಳಿವಳಿಕೆ ಬಂದ ಮೇಲೆ ಪಾಠವೂ ಒಪ್ಪಿಗೆಯೂ ಇರಲಿ. ಎಂದರೆ ಈ ಸಂಸ್ಕಾರದ ಮೂಲದಲ್ಲೇ ಒಂದು ಆಕ್ಷೇಪಣೆ ಇದೆ. ಎದುರಾಳಿಯ ಪ್ರಶ್ನೆ ನ್ಯಾಯವಾದದ್ದು ಎಂದು ಒಪ್ಪಿಕೊಂಡದ್ದರ ಫಲ ಅದು.

ಕಾಲ ಕಳೆದಂತೆ ಪ್ರಶ್ನೆ ಸವೆಯಿತು, ಉತ್ತರ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಜರ್ಮನಿಯಲ್ಲಿ ದೃಢೀಕರಣವೆಂದರೆ ಎಂಟು ವರ್ಷದ ಶಾಲೆ ಮುಗಿಯಿತು, ಇನ್ನು ದುಡಿಮೆಗೆ ಹೊರಡಬೇಕು ಎಂಬುದರ ಗುರುತು. ಹುಡುಗನಿಗೆ ಹೊಸ ಕೋಟು, ನೆಂಟರಿಂದ ಗಡಿಯಾರ, ಮನೆಯಲ್ಲಿ ಊಟ. ಪಾಠವೆಂದರೆ ಬಾಯಿಪಾಠ. ಇದು ಬೇಡವೆಂದು ಚರ್ಚಿನಿಂದ ಹೊರಬಂದ ಸ್ವತಂತ್ರ ಚಿಂತಕರು ದೇವರ ಹೆಸರಿಲ್ಲದ ಬೇರೊಂದು ಸಮಾರಂಭ ಕಟ್ಟಿಕೊಂಡರು. 1852ರಲ್ಲಿ ಎಡುವಾರ್ಡ್ ಬಾಲ್ಟ್ಸರ್ ಅದಕ್ಕೆ ಯೂಗೆಂಡ್‌ವೈಹೆ ಎಂಬ ಹೆಸರಿಟ್ಟರು. ಯುವದೀಕ್ಷೆ ಎಂದು ಕನ್ನಡಿಸಬಹುದು. ನೂರು ವರ್ಷ ಅದು ಕಾರ್ಮಿಕ ಬಡಾವಣೆಗಳಲ್ಲಿ ಅಲ್ಲಲ್ಲಿ ನಡೆಯುತ್ತಿದ್ದ ಸಣ್ಣ ಆಚರಣೆ.

ಇಲ್ಲಿ ಹಿಟ್ಲರನ ಕಾಲದ ಒಂದು ಘಟನೆಯನ್ನು ಹೇಳಲೇಬೇಕು. 1933ರ ಡಿಸೆಂಬರಿನಲ್ಲಿ ಅವನ ಕಡೆಯ ಬಿಷಪ್ಪನೇ ಒಪ್ಪಂದಕ್ಕೆ ಸಹಿ ಹಾಕಿ ಪ್ರಾಟೆಸ್ಟೆಂಟ್ ಯುವಜನ ಸಂಘಗಳನ್ನೆಲ್ಲ ಹಿಟ್ಲರ್ ಯುವದಳಕ್ಕೆ ಒಪ್ಪಿಸಿಬಿಟ್ಟ. ಆಟ, ಪ್ರವಾಸ, ಶಿಬಿರ ಎಲ್ಲವೂ ದಳದ ಪಾಲಾದವು. ಚರ್ಚಿಗೆ ಉಳಿದದ್ದು ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಕೂತು ಬೈಬಲ್ ಓದುವುದು. ಸಂಘವಿಲ್ಲ, ಸದಸ್ಯತ್ವವಿಲ್ಲ, ಚಂದಾ ಇಲ್ಲ. ಬಂದವರೇ ಸಭೆ. ಯೂಂಗೆ ಗೆಮೈಂಡೆ, ಅಂದರೆ ಯುವಸಭೆ ಎಂಬ ರೂಪ ಗಟ್ಟಿಯಾದದ್ದು ಹೀಗೆ, ಕೊರತೆಯಿಂದ. ಯುದ್ಧ ಮುಗಿದು ರಷ್ಯನ್ನರ ಹಿಡಿತದ ಪೂರ್ವ ಭಾಗದಲ್ಲಿ 1946ರಲ್ಲಿ ಏಕೈಕ ಅಧಿಕೃತ ಯುವಜನ ಸಂಘಟನೆ ಹುಟ್ಟಿಕೊಂಡಾಗ ಚರ್ಚು ಹಳೆಯ ಸಂಘಗಳನ್ನು ಮತ್ತೆ ಕಟ್ಟಲು ಹೋಗದೆ ಈ ಕೋಣೆಯನ್ನೇ ಉಳಿಸಿಕೊಂಡಿತು. ಭೂಗೋಳದ ಮೇಲೆ ನಿಂತ ಶಿಲುಬೆ ಅವರ ಬಿಲ್ಲೆ; ಅದನ್ನು ಕೋಟಿಗೆ ಸಿಕ್ಕಿಸಿಕೊಂಡು ಶಾಲೆಗೆ ಹೋಗುತ್ತಿದ್ದರು.

ಇದನ್ನು ಸರ್ಕಾರ ಸಹಿಸಲಿಲ್ಲ. 1952ರ ಕೊನೆಯಿಂದಲೇ ಒತ್ತಡ ಶುರುವಾಯಿತು. 1953ರ ಏಪ್ರಿಲಿನಲ್ಲಿ ಯುವಜನ ಸಂಘಟನೆಯ ಪತ್ರಿಕೆ, ಯುವಸಭೆಯೆಂಬುದು ಅಮೆರಿಕದ ಪರವಾಗಿ ಬೇಹುಗಾರಿಕೆ ಮತ್ತು ವಿಧ್ವಂಸ ಮಾಡುವ ಮುಖವಾಡದ ಕೂಟ ಎಂದು ಬರೆಯಿತು. ಪ್ರೌಢಶಾಲೆಗಳಲ್ಲಿ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಸಿ, ಯುವಸಭೆಗೆ ಹೋಗುವವರನ್ನು ಹೆಸರು ಹಿಡಿದು ಕರೆದು, ಇನ್ನು ಹೋಗುವುದಿಲ್ಲವೆಂದು ಹೇಳಿಸುತ್ತಿದ್ದರು. ಹೇಳದವರಿಗೆ ಶಾಲೆಯ ಬಾಗಿಲು ಮುಚ್ಚಿತು. ಹೀಗೆ ಹೊರಬಿದ್ದ ವಿದ್ಯಾರ್ಥಿಗಳು ಸುಮಾರು 3,000 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಎಷ್ಟೋ ಮಂದಿಗೆ ಅಂತಿಮ ಪರೀಕ್ಷೆಗೆ ಇದ್ದದ್ದು ಕೆಲವೇ ವಾರ. ಪಾದ್ರಿಗಳೂ ಯುವಜನರ ಮಾರ್ಗದರ್ಶಕರೂ ಜೈಲು ಸೇರಿದರು. ಹಾಲೆ ನಗರದ ವಿದ್ಯಾರ್ಥಿ ಪಾದ್ರಿ ಯೋಹಾನ್ನೆಸ್ ಹಾಮೆಲ್ ಅವರಲ್ಲೊಬ್ಬರು.

ವಾದ ನಡೆದದ್ದು ಒಂದು ತಾಂತ್ರಿಕ ಮಾತಿನ ಮೇಲೆ. ನೋಂದಣಿಯಿಲ್ಲದ ಸಂಘಟನೆ ಅಕ್ರಮ ಎಂದಿತು ಸರ್ಕಾರ. ಇದು ಸಂಘಟನೆಯೇ ಅಲ್ಲ, ಸದಸ್ಯರ ಪಟ್ಟಿ ಎಲ್ಲಿದೆ ತೋರಿಸಿ ಎಂದಿತು ಚರ್ಚು. ಪಟ್ಟಿ ನಿಜಕ್ಕೂ ಇರಲಿಲ್ಲ. ಹಿಟ್ಲರನ ಕಾಲದ ಕೊರತೆ ಹೀಗೆ ಇನ್ನೊಂದು ಕಾಲದಲ್ಲಿ ಕವಚವಾಯಿತು.

ಆ ವರ್ಷ ಮೇ ತಿಂಗಳಲ್ಲಿ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ವರ್ಷದ ಒಬ್ಬ ವಿದ್ಯಾರ್ಥಿಗೆ ಯುವಸಭೆಯ ವಿರುದ್ಧ ಬಹಿರಂಗವಾಗಿ ಮಾತಾಡುವ ಕೆಲಸ ವಹಿಸಿದರು. ಆತ ಯುವಸಭೆಯವನಲ್ಲ, ಸರ್ಕಾರಿ ಯುವಜನ ಸಂಘಟನೆಯವನು. ಎದ್ದು ನಿಂತವನು, ಸಂವಿಧಾನವನ್ನು ಮುರಿಯುತ್ತಿರುವುದು ಈ ಮಕ್ಕಳಲ್ಲ, ಸರ್ಕಾರವೇ ಎಂಬರ್ಥದ ಮಾತಾಡಿ ಕೂತ. ವಿಶ್ವವಿದ್ಯಾಲಯದಿಂದ ಅವನ ಹೆಸರು ಹೋಯಿತು. ಆತ ಉವೆ ಯೋನ್ಸನ್. ಮುಂದೆ ಜರ್ಮನ್ ಭಾಷೆಯ ದೊಡ್ಡ ಕಾದಂಬರಿಕಾರನಾದ. ಆ ವಸಂತವನ್ನೇ ವಸ್ತುವಾಗಿಟ್ಟು ಬರೆದ ಮೊದಲ ಕಾದಂಬರಿ ಅಚ್ಚಾದದ್ದು ಮಾತ್ರ 1985ರಲ್ಲಿ, ಆತ ತೀರಿಕೊಂಡ ಮೇಲೆ.

ಸ್ಟಾಲಿನ್ ಸತ್ತದ್ದು ಆ ಮಾರ್ಚಿನಲ್ಲಿ. ಮಾಸ್ಕೋದ ಹೊಸ ನಾಯಕರು ಬರ್ಲಿನ್ನಿನವರನ್ನು ಕರೆಸಿ ಬಿಗಿ ಸಡಿಲಿಸಲು ಹೇಳಿದರು. ಜೂನ್ 10ರಂದು ಪ್ರಧಾನಿ ಗ್ರೋಟೆವೋಲ್ ಚರ್ಚಿನ ಮುಖಂಡರ ಜೊತೆ ಮೇಜಿಗೆ ಕೂತರು; ಹೊರಹಾಕಿದ ವಿದ್ಯಾರ್ಥಿಗಳನ್ನು ವಾಪಸು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಒಂದು ವಾರಕ್ಕೆ, ಜೂನ್ 17ರಂದು, ಕಾರ್ಮಿಕರ ದಂಗೆ, ಬೀದಿಯಲ್ಲಿ ಸೋವಿಯತ್ ಟ್ಯಾಂಕುಗಳು. ಅದು ಬೇರೆಯೇ ಕಥೆ.

ಬಲಾತ್ಕಾರ ಫಲಿಸಲಿಲ್ಲ ಎಂದಾಗ ಸರ್ಕಾರ ಜಾಣತನಕ್ಕೆ ಇಳಿಯಿತು. 1954ರ ನವೆಂಬರಿನಲ್ಲಿ ಹಳೆಯ ಯುವದೀಕ್ಷೆಯನ್ನು ಎತ್ತಿಕೊಂಡು ದೇಶದ ಸಮಾರಂಭವನ್ನಾಗಿ ಸಾರಿತು. 1955ರ ವಸಂತದಲ್ಲಿ ಮೊದಲ ತಂಡ ಪ್ರತಿಜ್ಞೆ ಮಾಡಿತು. ಅದೇ ಹದಿನಾಲ್ಕರ ವಯಸ್ಸು, ಅದೇ ವಸಂತ ಋತು, ಅದೇ ಹೊಸ ಕೋಟು. ಮೊದಲು ಪ್ರತಿಜ್ಞೆಯ ಮಾತು ಮೆತ್ತಗಿತ್ತು. ಬರುಬರುತ್ತ ಸಮಾಜವಾದದ ಹೆಸರು ನೇರವಾಗಿ ಸೇರಿತು. ಪ್ರತಿಯೊಬ್ಬನ ಕೈಗೂ ಒಂದು ದಪ್ಪ ಪುಸ್ತಕ: ವಿಶ್ವ, ಭೂಮಿ, ಮಾನವ ಎಂಬುದು ಅದರ ಹೆಸರಿನ ಅರ್ಥ. ನಕ್ಷತ್ರಗಳ ಹುಟ್ಟು, ಜೀವವಿಕಾಸ, ಮನುಷ್ಯ ಸಮಾಜದ ಇತಿಹಾಸ, ಚಿತ್ರಗಳ ಸಮೇತ. ಮುನ್ನುಡಿ ವಾಲ್ಟರ್ ಉಲ್ಬ್ರಿಖ್ಟರದು.

ಬಿ.ಎಸ್ಸಿ. ಓದಿದ ನನಗೆ ಈ ಪುಸ್ತಕದ ಮೇಲೆ ಒಂದು ಬಗೆಯ ಸಿಟ್ಟಿದೆ. ಹದಿನಾಲ್ಕರ ಹುಡುಗನಿಗೆ ಗ್ಯಾಲಕ್ಸಿಗಳ ಚಿತ್ರವಿರುವ ಪುಸ್ತಕ ಕೊಡುವುದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಆದರೆ ವಿಜ್ಞಾನವನ್ನು ಪ್ರತಿಜ್ಞೆಯ ಜೊತೆ ಕಟ್ಟಿಕೊಟ್ಟಾಗ ಅದು ವಿಜ್ಞಾನವಾಗಿ ಉಳಿಯುವುದಿಲ್ಲ. ಜೀವವಿಕಾಸದ ಅಧ್ಯಾಯದ ಕೊನೆಗೆ ಹುಡುಗ ಕೈಯೆತ್ತಿ ‘ಇದು ನಿಜವೆಂದು ಹೇಗೆ ಗೊತ್ತಾಯಿತು?’ ಎಂದು ಕೇಳಬೇಕು. ಆ ಸಮಾರಂಭದಲ್ಲಿ ಕೈಯೆತ್ತಲು ಜಾಗವಿರಲಿಲ್ಲ. ಹೌದು ಎನ್ನಲು ಮಾತ್ರ ಇತ್ತು. ಪ್ರಶ್ನೆ ಸವೆದು ಉತ್ತರ ಉಳಿದಿದ್ದ ಚರ್ಚಿನ ಬಾಯಿಪಾಠದ ತಪ್ಪನ್ನೇ ಸರ್ಕಾರವೂ ನಕಲು ಮಾಡಿತು ಎನ್ನಬೇಕು.

ಆರಂಭದಲ್ಲಿ ಜನ ಓಗೊಡಲಿಲ್ಲ. 1950ರಲ್ಲಿ ಆ ದೇಶದ ನೂರಕ್ಕೆ ಸುಮಾರು 80 ಮಂದಿ ಪ್ರಾಟೆಸ್ಟೆಂಟರು. 1955ರಲ್ಲಿ ಯುವದೀಕ್ಷೆಗೆ ಬಂದದ್ದು ಆ ವಯಸ್ಸಿನ ನೂರಕ್ಕೆ ಸುಮಾರು 18 ಮಕ್ಕಳು. 1957ರ ಸೆಪ್ಟೆಂಬರಿನಲ್ಲಿ ಉಲ್ಬ್ರಿಖ್ಟ್ ಸೋನೆಬರ್ಗ್‌ನಲ್ಲಿ ಭಾಷಣ ಮಾಡಿ ಇದು ಎಲ್ಲ ಮಕ್ಕಳಿಗೂ ಎಂದ ಮೇಲೆ ಶಿಕ್ಷಕರು ಮನೆಮನೆ ಹತ್ತಿದರು, ಕಾರ್ಖಾನೆಯಲ್ಲಿ ತಂದೆಯನ್ನು ಮೇಲಧಿಕಾರಿ ಕರೆದು ಮಾತಾಡಿಸಿದ. ಮೇಲಿನ ತರಗತಿಯಲ್ಲಿ ಸೀಟು ಬೇಕೋ ಬೇಡವೋ ಎಂಬುದು ಕಾಗದದಲ್ಲಿ ಬರೆಯದ ಷರತ್ತು. 1959ರ ಹೊತ್ತಿಗೆ ನೂರಕ್ಕೆ 80 ಮಕ್ಕಳು ಯುವದೀಕ್ಷೆ ಪಡೆದರು.

ಚರ್ಚು ಮೊದಲು ಹಟ ಹಿಡಿಯಿತು: ಎರಡೂ ಆಗದು, ಯುವದೀಕ್ಷೆ ಪಡೆದವರಿಗೆ ದೃಢೀಕರಣವಿಲ್ಲ. ತತ್ವ ಸರಿಯಾಗಿಯೇ ಇದ್ದಿರಬಹುದು, ಭಾರ ಬಿದ್ದದ್ದು ಮಾತ್ರ ಮಕ್ಕಳ ಹೆಗಲ ಮೇಲೆ. ಬಿಷಪ್ಪರ ಸಂಬಳ ನಿಲ್ಲಲಿಲ್ಲ. ಓದು ನಿಂತದ್ದು ಹುಡುಗಿಯದು. ತಾಯಿತಂದೆಯರು ಲೆಕ್ಕ ಹಾಕಿದರು, ಹೆಚ್ಚಿನವರು ಶಾಲೆಯ ಕಡೆ ನಿಂತರು. ಅವರನ್ನು ಅಂಜುಬುರುಕರೆನ್ನಲು ನನಗೆ ಬಾಯಿ ಬಾರದು. ಮುಂದೆ ಚರ್ಚುಗಳು ಇಳಿದುಬಂದು, ಒಂದು ವರ್ಷ ಕಾದು ಪಾಠ ಮುಂದುವರಿಸಿದರೆ ದೃಢೀಕರಣ ಕೊಡುತ್ತೇವೆ ಎಂದವು. ಅಷ್ಟರಲ್ಲಿ ಜನ ದಾಟಿಹೋಗಿದ್ದರು.

ಎಲ್ಲರೂ ಅಲ್ಲ. ಟೆಂಪ್ಲಿನ್ ಪಟ್ಟಣದ ಪಾದ್ರಿಯೊಬ್ಬರ ಮಗಳು ಯುವದೀಕ್ಷೆ ಬಿಟ್ಟು 1970ರಲ್ಲಿ ದೃಢೀಕರಣ ಪಡೆದಳು. ಸರ್ಕಾರಿ ಯುವಜನ ಸಂಘಟನೆಗೂ ಸೇರಿಕೊಂಡಳು. ಲೈಪ್ಸಿಗ್‌ನಲ್ಲಿ ಭೌತವಿಜ್ಞಾನ ಓದಿದಳು. ಆಕೆ ಆಂಗೆಲಾ ಮರ್ಕೆಲ್, 2005ರಿಂದ 2021ರವರೆಗೆ ಜರ್ಮನಿಯ ಚಾನ್ಸಲರ್ ಆಗಿದ್ದವರು. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ನಡೆಯುವುದನ್ನು ಆ ತಲೆಮಾರಿನ ಎಷ್ಟೋ ಮಕ್ಕಳು ಕಲಿತಿದ್ದರು.

ಹಾಗೆ ನಡೆಯಲು ಒಪ್ಪದವರೂ ಇದ್ದರು. ಚಮ್ಮಾರಿಕೆ ಕಲಿತು, ನಡುವಯಸ್ಸಿನಲ್ಲಿ ಪಾದ್ರಿಯಾದ ಓಸ್ಕರ್ ಬ್ರ್ಯೂಸೆವಿಟ್ಸ್ 1970ರಿಂದ ರಿಪ್ಪಿಖಾ ಎಂಬ ಹಳ್ಳಿಯಲ್ಲಿದ್ದರು. ಚರ್ಚಿನ ಮೇಲೆ ಟ್ಯೂಬ್‌ಲೈಟಿನ ಶಿಲುಬೆ ಹಾಕಿಸಿ ಹೆದ್ದಾರಿಗೆ ಕಾಣುವಂತೆ ಉರಿಸಿದ ಮನುಷ್ಯ. ಮಕ್ಕಳಿಗೆ ಆಟದ ಬಯಲು ಮಾಡಿಕೊಟ್ಟವರು. 1976ರ ಆಗಸ್ಟ್ 18ರಂದು ಹತ್ತಿರದ ಜೈಟ್ಸ್ ಪಟ್ಟಣದ ಚರ್ಚಿನ ಮುಂದೆ, ಶಾಲೆಗಳಲ್ಲಿ ಮಕ್ಕಳನ್ನೂ ಯುವಜನರನ್ನೂ ದಮನ ಮಾಡಲಾಗುತ್ತಿದೆ ಎಂಬ ಫಲಕಗಳನ್ನು ಕಾರಿನ ಮೇಲಿಟ್ಟು ತಮ್ಮ ಮೈಗೆ ಬೆಂಕಿ ಹಚ್ಚಿಕೊಂಡರು. ನಾಲ್ಕನೆಯ ದಿನ ತೀರಿಕೊಂಡರು. ಪಕ್ಷದ ಪತ್ರಿಕೆ ಅವರಿಗೆ ತಲೆ ಸರಿಯಿರಲಿಲ್ಲವೆಂದು ಬರೆಯಿತು. ಚರ್ಚಿನ ನಾಯಕರು ಆ ಕೃತ್ಯವನ್ನು ಒಪ್ಪಲಾರೆವು ಎಂದರು. ಅವರನ್ನು ಹೀಗಳೆಯುವುದನ್ನೂ ಒಪ್ಪಲಿಲ್ಲ. ಆ ಸಾವನ್ನು ಮಾದರಿ ಎಂದು ಯಾರೂ ತೆಗೆದುಕೊಳ್ಳಬಾರದು, ನಾನೂ ತೆಗೆದುಕೊಳ್ಳಲಾರೆ. ಆದರೆ ಎಷ್ಟೋ ಪಾದ್ರಿಗಳು ಅಂದು ತಮ್ಮನ್ನು ತಾವೇ ಕೇಳಿಕೊಂಡರು: ನಮ್ಮ ಊರಿನ ಹುಡುಗರಿಗಾಗಿ ನಾವೇನು ಮಾಡುತ್ತಿದ್ದೇವೆ?

1978ರ ಮಾರ್ಚ್ 6ರಂದು ಹೊನೆಕರ್ ಅವರಿಗೂ ಬಿಷಪ್ ಶ್ಯೋನ್‌ಹೆರ್ ಅವರಿಗೂ ಮಾತುಕತೆಯಾಗಿ, ಚರ್ಚಿಗೆ ವರ್ಷಕ್ಕೆ ಕೆಲವು ಬಾರಿ ಟೆಲಿವಿಷನ್ನಿನಲ್ಲಿ ಕೂಡ ಸಮಯ ಸಿಕ್ಕಿತು. ನಮ್ಮ ಕಸುಬಿನವರಿಗೆ ಇದು ದೊಡ್ಡ ಸುದ್ದಿಯಂತೆ ಕಾಣಬಹುದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ತರಗತಿಗೆ ಸೈನಿಕ ಪಾಠ ಕಡ್ಡಾಯವಾಯಿತು. ಒಂದು ಕೈ ಕೊಟ್ಟದ್ದು, ಇನ್ನೊಂದು ಕೈ ಕಿತ್ತುಕೊಂಡದ್ದು.

ಅಷ್ಟು ಹೊತ್ತಿಗೆ ಯುವಸಭೆಯ ಕೋಣೆ ಬೇರೆಯೇ ಆಗಿತ್ತು. ಸಂಖ್ಯೆಯ ಆಸೆ ಬಿಟ್ಟುಹೋಗಿದ್ದರಿಂದ ಬಾಗಿಲು ಅಗಲವಾಯಿತು ಎಂದು ನನಗನ್ನಿಸುತ್ತದೆ. ಥ್ಯೂರಿಂಗಿಯದ ಬ್ರೌನ್ಸ್‌ಡೋರ್ಫ್‌ನಲ್ಲಿ ವಾಲ್ಟರ್ ಶಿಲಿಂಗ್ ಎಂಬ ಪಾದ್ರಿ ಉದ್ದಕೂದಲಿನ, ಶಾಲೆ ಬಿಟ್ಟ, ಪೊಲೀಸರ ಕಣ್ಣಿಗೆ ಬಿದ್ದ ಹುಡುಗರಿಗೆ ಇರಲು ಜಾಗ ಕೊಟ್ಟರು. ಪೂರ್ವ ಬರ್ಲಿನ್ನಿನಲ್ಲಿ ರೈನರ್ ಎಪ್ಪೆಲ್‌ಮನ್ 1979ರಿಂದ ಚರ್ಚಿನೊಳಗೆ ಬ್ಲೂಸ್ ಸಂಗೀತದ ಜೊತೆ ಆರಾಧನೆ ನಡೆಸಿದರು. ಕೆಲವೇ ವರ್ಷಗಳಲ್ಲಿ ಸಾವಿರಗಟ್ಟಲೆ ಯುವಜನ ಬಂದರು. ಸಭೆಯ ಹಿರಿಯರಿಗೆ ಇದು ಹಿಡಿಸಲಿಲ್ಲ. ಗಿಟಾರಿನ ಅಬ್ಬರ, ಬೀರಿನ ಬಾಟಲಿ, ನೆಲದ ಮೇಲೆ ಸಿಗರೇಟು. ಬಂದವರಲ್ಲಿ ದೀಕ್ಷಾಸ್ನಾನವೇ ಆಗದವರು ಬಹಳ. ಅವರಿಗೆ ಯಾರೂ ಬಾಯಿಪಾಠ ಒಪ್ಪಿಸಲು ಹೇಳುತ್ತಿರಲಿಲ್ಲ. ಸೈನ್ಯಕ್ಕೆ ಸೇರದಿದ್ದರೆ ಏನಾಗುತ್ತದೆ, ಅಪ್ಪ ಪಕ್ಷದವನಾಗಿ ನಾನು ಹೀಗಿದ್ದರೆ ಹೇಗೆ, ದೇವರು ಇದ್ದರೆ ಇಷ್ಟು ಸುಮ್ಮನೇಕಿದ್ದಾನೆ ಎಂಬಂಥ ಪ್ರಶ್ನೆಗಳಿಗೆ ಅಲ್ಲಿ ಜಾಗವಿತ್ತು. ಸರ್ಕಾರದ ಗೂಢಚಾರರೂ ಆ ಗುಂಪಿನಲ್ಲಿ ಕೂತಿರುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು.

ಯುವಜನರ ಕಾರ್ಯಕ್ರಮಗಳಿಗೆ ಪ್ರಶ್ನೆಗಳನ್ನು ಮೊದಲೇ ಬರೆದುಕೊಟ್ಟು ಮಕ್ಕಳಿಂದ ಓದಿಸುವ ಅಭ್ಯಾಸ ನನಗೂ ಬಹುಕಾಲ ಇತ್ತು. ಕ್ಯಾಮೆರಾಕ್ಕೆ ಅದು ಸುಲಭ. ಒಮ್ಮೆ ಒಬ್ಬ ಹುಡುಗಿ ಚೀಟಿ ಮಡಿಸಿಟ್ಟು ತನ್ನದೇ ಪ್ರಶ್ನೆ ಕೇಳಿದಾಗ ಸಂಕಲನದಲ್ಲಿ ಕತ್ತರಿಸಿದೆ. ಅದೇನು ಪ್ರಶ್ನೆ ಎಂಬುದು ಈಗ ನೆನಪಿಲ್ಲ, ಕತ್ತರಿಸಿದ್ದು ನೆನಪಿದೆ.

ಸ್ಯಾಕ್ಸನಿಯ ಲೂಥರನ್ ಚರ್ಚಿನಲ್ಲಿ ಯುವಜನರ ಹೊಣೆ ಹೊತ್ತಿದ್ದ ಪಾದ್ರಿ ಹರಾಲ್ಡ್ ಬ್ರೆಟ್‌ಶ್ನೈಡರ್. 1980ರ ನವೆಂಬರಿನಲ್ಲಿ ಶಾಂತಿಗಾಗಿ ಹತ್ತು ದಿನಗಳ ಪ್ರಾರ್ಥನೆ ಏರ್ಪಟ್ಟಾಗ ಪುಸ್ತಕದ ನಡುವೆ ಇಡುವ ಒಂದು ಗುರುತುಪಟ್ಟಿಯನ್ನು ಮಾಡಿಸಿದರು. ಅದರಲ್ಲಿ ಕತ್ತಿಯನ್ನು ಬಡಿದು ನೇಗಿಲಿನ ಗುಳ ಮಾಡುವ ಕಮ್ಮಾರನ ಚಿತ್ರ. ಮಾತು ಬೈಬಲಿನ ಮೀಕ ಪ್ರವಾದಿಯದು. ಶಿಲ್ಪ ಸೋವಿಯತ್ ಕಲಾವಿದ ವುಚೆಟಿಚ್‌ನದು, 1959ರಲ್ಲಿ ಸೋವಿಯತ್ ಒಕ್ಕೂಟವೇ ವಿಶ್ವಸಂಸ್ಥೆಗೆ ಕಾಣಿಕೆ ಕೊಟ್ಟದ್ದು. ಇನ್ನು ಇದನ್ನು ಶತ್ರುವಿನ ಚಿತ್ರ ಎನ್ನುವುದು ಹೇಗೆ? ಇನ್ನೊಂದು ಜಾಣ್ಮೆ ಅಚ್ಚಿನದು. ಕಾಗದದ ಮೇಲೆ ಏನನ್ನು ಅಚ್ಚು ಹಾಕಲೂ ಸರ್ಕಾರದ ಅನುಮತಿ ಬೇಕು. ನೇಯದೆ ಒತ್ತಿ ಮಾಡಿದ ನಾರಿನ ಬಟ್ಟೆಯ ಮೇಲೆ ಹಾಕಿದರೆ ಅದು ಜವಳಿ ಕೆಲಸ, ಅನುಮತಿ ಬೇಡ! ಹೀಗಾಗಿ ಬಟ್ಟೆಯ ಮೇಲೆಯೇ ಹಾಕಿಸಿದರು.

ಮರುವರ್ಷ ಅದು ದುಂಡನೆಯ ತೇಪೆಯಾಗಿ ಬಂತು. ಹುಡುಗರು ಜಾಕೆಟಿನ ತೋಳಿಗೆ ಹೊಲಿದುಕೊಂಡರು. 1982ರಲ್ಲಿ ಸರ್ಕಾರ ನಿಷೇಧಿಸಿತು. ಶಾಲೆಯಲ್ಲಿ ಕಿತ್ತರು, ಬೀದಿಯಲ್ಲಿ ಪೊಲೀಸರು ಕಿತ್ತರು. ಕೊಡದವರ ಓದಿಗೂ ಉದ್ಯೋಗ ತರಬೇತಿಗೂ ಕುತ್ತು ಬಂತು. ಆಗ ಕೆಲವರು ತೇಪೆಯಿದ್ದ ಕಡೆ ದುಂಡಗೆ ಕತ್ತರಿಸಿ ತೂತು ಬಿಟ್ಟುಕೊಂಡು ತಿರುಗಿದರು. ಇನ್ನು ಕೆಲವರು ಬರೀ ಬಿಳಿ ವೃತ್ತ ಹೊಲಿದುಕೊಂಡು, ಇಲ್ಲೊಬ್ಬ ಕಮ್ಮಾರ ಇದ್ದ ಎಂದು ಬರೆದರು. ತೂತನ್ನು ನಿಷೇಧಿಸುವ ಕಾನೂನು ಯಾವುದಿದೆ? ಆ ವರ್ಷ ಫೆಬ್ರುವರಿ 13ರಂದು, ಡ್ರೆಸ್ಡೆನ್ ಬಾಂಬಿಗೆ ಬಲಿಯಾದ ದಿನದ ನೆನಪಿಗೆ, ಅಲ್ಲಿನ ಕ್ರಾಯ್ಟ್ಸ್ ಚರ್ಚಿನಲ್ಲಿ ಸುಮಾರು 5,000 ಯುವಜನ ಸೇರಿದರು. 1983ರಲ್ಲಿ, ಲೂಥರರ ಐನೂರನೆಯ ಹುಟ್ಟುವರ್ಷ, ವಿಟೆನ್‌ಬರ್ಗಿನಲ್ಲಿ ಅವರ ಮನೆಯ ಅಂಗಳದಲ್ಲಿ ಪಾದ್ರಿ ಫ್ರೀಡ್ರಿಖ್ ಶೋರ್ಲೆಮರ್ ಒಬ್ಬ ಕಮ್ಮಾರನನ್ನು ಕರೆಸಿ ರಾತ್ರಿಯ ಕುಲುಮೆಯಲ್ಲಿ ನಿಜವಾದ ಕತ್ತಿಯನ್ನೇ ಗುಳ ಮಾಡಿಸಿದರು. ಪಶ್ಚಿಮದ ಕ್ಯಾಮೆರಾ ಅದನ್ನು ಸೆರೆಹಿಡಿಯಿತು. ಪಶ್ಚಿಮದ ಕಾರ್ಯಕ್ರಮಗಳು ಪೂರ್ವದ ಹೆಚ್ಚಿನ ಮನೆಗಳಿಗೆ ಸಿಗುತ್ತಿದ್ದವು. ಅಲೆಗಳಿಗೆ ಗೋಡೆ ಕಟ್ಟಲಾಗದು.

ಲೈಪ್ಸಿಗ್‌ನ ನಿಕೊಲಾಯ್ ಚರ್ಚಿನಲ್ಲಿ 1982ರ ಸೆಪ್ಟೆಂಬರಿನಿಂದ ಸೋಮವಾರ ಸಂಜೆ ಐದಕ್ಕೆ ಶಾಂತಿ ಪ್ರಾರ್ಥನೆ. ಅದಕ್ಕೆ ಚಾಲನೆ ಕೊಟ್ಟದ್ದೂ ಪಕ್ಕದ ಪ್ರೊಬ್ಸ್ಟ್‌ಹೈಡಾದ ಒಂದು ಯುವಸಭೆಯ ಗುಂಪೇ. ಕೆಲವೊಮ್ಮೆ ಹತ್ತು ಮಂದಿಯೂ ಇರುತ್ತಿರಲಿಲ್ಲ. 1989ರ ಅಕ್ಟೋಬರ್ 9ರ ಸೋಮವಾರ ಅಲ್ಲಿಂದ ಹೊರಟ ಜನ ಸುತ್ತಿನ ರಸ್ತೆಗೆ ಬರುವಾಗ ಸುಮಾರು 70,000 ಆಗಿದ್ದರು. ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ಹೋಯಿತು.

ಇಷ್ಟು ಹೇಳಿದ ಮೇಲೆ ಮಕ್ಕಳೆಲ್ಲ ಚರ್ಚಿಗೆ ಮರಳಿದರು ಎಂದು ಬರೆಯಬೇಕಿತ್ತು. ಹಾಗಾಗಲಿಲ್ಲ. ಆ ರಾತ್ರಿ ಮೇಣದಬತ್ತಿ ಹಿಡಿದವರಲ್ಲಿ ಹೆಚ್ಚಿನವರು ಆರಾಧನೆಗೆ ಬರಲಿಲ್ಲ. ಸರ್ಕಾರ ಹೋದರೂ ಯುವದೀಕ್ಷೆ ಹೋಗಲಿಲ್ಲ. ಸಮಾಜವಾದದ ಮಾತು ಬಿಟ್ಟು, ಖಾಸಗಿ ಸಂಘಗಳ ಆಶ್ರಯದಲ್ಲಿ ಇಂದಿಗೂ ನಡೆಯುತ್ತದೆ. ಪೂರ್ವ ಜರ್ಮನಿಯ ಸೀಮೆಯಲ್ಲಿ ಬಹುಪಾಲು ಜನ ಈಗ ಯಾವ ಚರ್ಚಿಗೂ ಸೇರಿದವರಲ್ಲ. ವಸಂತ ಬಂದರೆ ಹೊಸ ಉಡುಪು, ಅಜ್ಜಿಯ ಉಡುಗೊರೆ, ಹೋಟೆಲಿನಲ್ಲಿ ಊಟ ಎಲ್ಲ ಹಾಗೆಯೇ ಇದೆ. ದೃಢೀಕರಣದ ಪಾಠಕ್ಕೆ ಹಳ್ಳಿಗಳಲ್ಲಿ ಒಂದೂರಿನ ಮಕ್ಕಳು ಸಾಲದೆ ಮೂರು ನಾಲ್ಕು ಊರಿನವರನ್ನು ಒಂದು ಕೋಣೆಯಲ್ಲಿ ಸೇರಿಸುತ್ತಾರೆ. 1529ರ ಚಿಕ್ಕ ಪುಸ್ತಕ ಅಲ್ಲಿ ಈಗಲೂ ಇದೆ.